ಲಾರಿಯ ಡೀಸೆಲ್ ಉಳಿತಾಯ: ಹೊಣೆ ಯಾರದು?

ಡೀಸೆಲ್ ಬೆಲೆ ಏರಿದಾಗಲೆಲ್ಲ ಅಧಿಕಾರದಲ್ಲಿರುವವರು ಮಿತವ್ಯಯದ ಉಪದೇಶಕ್ಕೆ ತೊಡಗುವುದು ವಾಡಿಕೆ. ಲಾರಿ ಚಾಲಕನಿಗೆ ನಿಧಾನವಾಗಿ ಓಡಿಸು ಎನ್ನುತ್ತಾರೆ. ಗಾಡಿ ನಿಂತಾಗ ಇಂಜಿನ್ ಆರಿಸು ಎನ್ನುತ್ತಾರೆ. ಉಪದೇಶ ತಪ್ಪಲ್ಲ. ಆದರೆ ಎಣ್ಣೆ ಪೋಲಾಗುವುದು ಚಾಲಕನ ಕಾಲಡಿಯಲ್ಲಿ ಮಾತ್ರವೆ? ಅವನ ಬೆನ್ನ ಹಿಂದೆ ಬರುವ ಟ್ರೇಲರಿನ ಆಕಾರದಿಂದಲೂ ಪೋಲಾಗುತ್ತದೆ. ಆ ಆಕಾರವನ್ನು ನಿರ್ಧರಿಸಿದವನು ಚಾಲಕನಲ್ಲ. ಈ ಪ್ರಶ್ನೆಯಲ್ಲಿ ಅಮೆರಿಕೆಯಲ್ಲಿ ನಡೆದಿರುವ ಸಂಗತಿಗಳು ನಮ್ಮ ಓದುಗರಿಗೂ ಪಾಠವಾಗತಕ್ಕವು.

ಎದುರುಗಾಳಿಯಲ್ಲಿ ಸೈಕಲ್ ತುಳಿದವರಿಗೆಲ್ಲ ಗಾಳಿಯ ಬಲ ಗೊತ್ತು. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಅಮೆರಿಕೆಯ ಹೆದ್ದಾರಿಗಳಲ್ಲಿ 53 ಅಡಿ ಉದ್ದದ ಪೆಟ್ಟಿಗೆಯಂಥ ಟ್ರೇಲರನ್ನು ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಎಳೆಯುವಾಗ ಚಕ್ರಗಳಿಗೆ ತಲುಪುವ ಶಕ್ತಿಯ ಸುಮಾರು ಅರ್ಧ ಭಾಗ ಗಾಳಿಯನ್ನು ಸೀಳುವುದಕ್ಕೇ ವೆಚ್ಚವಾಗುತ್ತದೆ. ಗಾಳಿ ತೊಡಕುವ ಮುಖ್ಯ ಜಾಗಗಳು ಮೂರು: ಎಳೆಯುವ ಗಾಡಿಗೂ ಟ್ರೇಲರಿಗೂ ನಡುವಣ ಸಂದು, ಟ್ರೇಲರಿನ ಹೊಟ್ಟೆಯಡಿ, ಮತ್ತು ಮೊಂಡಾದ ಹಿಂಭಾಗ.

ಇದಕ್ಕೆ ಪರಿಹಾರ ದೊಡ್ಡ ವಿದ್ಯೆಯೇನೂ ಅಲ್ಲ. ಚಕ್ರಗಳ ನಡುವೆ ಎರಡೂ ಪಕ್ಕಕ್ಕೆ ತಗಡಿನಂಥ ಹಲಗೆಗಳನ್ನು ಇಳಿಬಿಟ್ಟರೆ ಗಾಳಿ ಹೊಟ್ಟೆಯಡಿ ನುಗ್ಗುವುದಿಲ್ಲ. ಅವರು ಇದನ್ನು ಸ್ಕರ್ಟ್ ಎನ್ನುತ್ತಾರೆ. ನಾವು ಪಕ್ಕದ ಪರದೆ ಎನ್ನೋಣ. ಹಿಂಬದಿಗೆ ಒಳಬಾಗಿದ ಮಡಿಸುವ ಹಲಗೆಗಳನ್ನೂ, ಮುಂದಿನ ಸಂದಿಗೆ ಮುಚ್ಚುಪಟ್ಟಿಯನ್ನೂ ಜೋಡಿಸಬಹುದು. ಸುಲಭವಾಗಿ ಉರುಳುವ ಟೈರು ಹಾಕಿ, ಅದರಲ್ಲಿ ಗಾಳಿ ಸರಿಯಾಗಿದ್ದರೆ ಇನ್ನಷ್ಟು ಉಳಿತಾಯ. ಪರದೆಯೊಂದರಿಂದಲೇ ಹೆದ್ದಾರಿಯ ವೇಗದಲ್ಲಿ ಶೇಕಡ 5ರ ಆಸುಪಾಸು ಎಣ್ಣೆ ಉಳಿಯುತ್ತದೆ. ಲೆಕ್ಕ ಹಾಕಿ ನೋಡೋಣ. ಲೀಟರಿಗೆ 2.75 ಕಿ.ಮೀ. ಕೊಡುವ ಲಾರಿ ವರ್ಷಕ್ಕೆ 1,60,000 ಕಿ.ಮೀ. ಓಡಿದರೆ 58,000 ಲೀಟರ್ ಕುಡಿಯುತ್ತದೆ. ಅದರ ಶೇಕಡ 5 ಎಂದರೆ 2,900 ಲೀಟರ್!

ಇಷ್ಟು ಲಾಭವಿದ್ದರೆ ಎಲ್ಲರೂ ತಾವಾಗಿಯೇ ಏಕೆ ಜೋಡಿಸಲಿಲ್ಲ? ಇಲ್ಲಿಯೇ ಖಾಸಗಿ ಲಾಭದ ವ್ಯವಸ್ಥೆಯ ಗುಟ್ಟಿದೆ. ಎಷ್ಟೋ ಕಡೆ ಟ್ರೇಲರು ಕಂಪನಿಯದು, ಎಳೆಯುವ ಗಾಡಿ ಇನ್ನೊಬ್ಬನದು. ಸ್ವಂತ ಗಾಡಿ ಇಟ್ಟುಕೊಂಡು ಬೇರೆಯವರ ಟ್ರೇಲರು ಎಳೆಯುವ ಚಾಲಕರಲ್ಲಿ ಅನೇಕರು ಡೀಸೆಲನ್ನು ತಮ್ಮ ಜೇಬಿನಿಂದಲೇ ಹಾಕಿಸಬೇಕು. ಪರದೆಗೆ ಹಣ ಹಾಕಬೇಕಾದವನು ಟ್ರೇಲರಿನ ಒಡೆಯ. ಉಳಿತಾಯ ಮಾತ್ರ ಚಾಲಕನಿಗೆ. ಒಡೆಯ ತನಗೇನು ಲಾಭವೆಂದು ಸುಮ್ಮನಿರುತ್ತಾನೆ. ಮೇಲಾಗಿ, ಅಲ್ಲಿ ಟ್ರೇಲರುಗಳ ಸಂಖ್ಯೆ ಎಳೆಯುವ ಗಾಡಿಗಳಿಗಿಂತ ಎಷ್ಟೋ ಹೆಚ್ಚು. ಒಂದು ಓಡುವಾಗ ಉಳಿದವು ಗೋದಾಮಿನ ಮುಂದೆ ನಿಂತಿರುತ್ತವೆ. ಹಾಕಿದ ಹಣ ಬೇಗ ಹಿಂದಿರುಗುವುದಿಲ್ಲ. ಹೀಗೆ ಎಲ್ಲರೂ ಬಲ್ಲ ಉಳಿತಾಯ ಯಾರಿಗೂ ಬೇಡವಾಗುತ್ತದೆ.

ಅಮೆರಿಕೆಯ ಪರಿಸರ ಇಲಾಖೆ 2004ರಲ್ಲಿ 'ಸ್ಮಾರ್ಟ್‌ವೇ' ಎಂಬ ಸ್ವಯಂಪ್ರೇರಣೆಯ ಯೋಜನೆ ತಂದಿತು. ಸ್ವಯಂಪ್ರೇರಣೆ ಸಾಲದೆಂದು ಕಂಡ ಕ್ಯಾಲಿಫೋರ್ನಿಯಾ ರಾಜ್ಯ 2008ರ ಡಿಸೆಂಬರ್‌ನಲ್ಲಿ ಕಡ್ಡಾಯದ ನಿಯಮ ಮಾಡಿತು. ಆ ನಿಯಮದ ಎರಡು ಅಂಶಗಳು ಮೆಚ್ಚತಕ್ಕವು. ಹೊಣೆಯನ್ನು ಚಾಲಕ, ಮಾಲೀಕರಿಗಷ್ಟೇ ಬಿಡದೆ ರಾಜ್ಯದೊಳಗಿನ ದಲ್ಲಾಳಿಗೂ ಸರಕು ಕಳುಹಿಸುವವನಿಗೂ ಹಂಚಿತು. ನೂರು ಮೈಲಿಯ ಸುತ್ತಳತೆಯೊಳಗೆ ಓಡುವ ಟ್ರೇಲರುಗಳಿಗೆ ಪರದೆಯಂಥ ಗಾಳಿತಡೆಯ ಜೋಡಣೆಯಿಂದ ವಿನಾಯಿತಿ ಕೊಟ್ಟಿತು. ನಿಧಾನ ಓಡುವ ಗಾಡಿಗೆ ಪರದೆ ಬರಿಯ ಭಾರ ಎಂಬ ಆಕ್ಷೇಪಣೆಯಲ್ಲಿ ಸತ್ಯವಿದೆ. ಅದಕ್ಕೆ ವಿನಾಯಿತಿಯೇ ಉತ್ತರ, ನಿಯಮವನ್ನು ಬಿಡುವುದಲ್ಲ.

2016ರಲ್ಲಿ ಕೇಂದ್ರ ಸರ್ಕಾರವೂ ಟ್ರೇಲರುಗಳಿಗೆ ಮಿತಿ ಗೊತ್ತುಮಾಡಿತು. ತಯಾರಕರ ಸಂಘ ನ್ಯಾಯಾಲಯಕ್ಕೆ ಹೋಯಿತು. 2021ರ ನವೆಂಬರ್‌ನಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಟ್ರೇಲರಿನ ಭಾಗವನ್ನು ರದ್ದುಮಾಡಿತು. ಕಾರಣವೇನು? ಟ್ರೇಲರಿಗೆ ಇಂಜಿನ್ ಇಲ್ಲ, ಆದ್ದರಿಂದ ಅದು ಕಾನೂನಿನ ಅರ್ಥದಲ್ಲಿ ಮೋಟಾರು ವಾಹನವಲ್ಲ! ಎಣ್ಣೆ ಕುಡಿಸುವುದಕ್ಕೆ ಟ್ರೇಲರು ಬೇಕು, ಲೆಕ್ಕ ಕೇಳಿದರೆ ಅದು ವಾಹನವೇ ಅಲ್ಲ. ನ್ಯಾಯಾಧೀಶರು ಅಕ್ಷರ ಓದಿದರು ಎನ್ನೋಣ. ಅಕ್ಷರವನ್ನು ತಿದ್ದಬೇಕಾದ ಶಾಸನಸಭೆಯನ್ನು ತಡೆದವರು ಯಾರು?

ನಮ್ಮ ಹೆದ್ದಾರಿಗಳಲ್ಲಿ ಲಾರಿಯ ವೇಗ ಅಷ್ಟಿಲ್ಲ. ಪರದೆಯಿಂದ ಅಷ್ಟೇ ಲಾಭ ಸಿಕ್ಕೀತೆಂದು ಹೇಳಲಾಗದು. ಇಲ್ಲಿ ಟೈರಿನ ಗಾಳಿ, ಸವೆದ ಟೈರು, ಮಿತಿಮೀರಿದ ಹೇರು, ಪಟಪಟಿಸುವ ಸಡಿಲ ತಾಡಪಾಲು ಮೊದಲ ಶತ್ರುಗಳು. ಆದರೆ ಪ್ರಶ್ನೆ ಒಂದೇ. 2025ರ ಏಪ್ರಿಲ್ 1ರಿಂದ ನಮ್ಮ ರಾಜ್ಯದಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ ಏರಿತು. ಅದೇ ತಿಂಗಳ ಮಧ್ಯದಲ್ಲಿ ಲಾರಿಗಳು ನಿಂತವು. ಒಂದೆರಡು ಲಾರಿಯ ಮಾಲೀಕನು ಸಾಲದ ಕಂತು ಕಟ್ಟಿ, ಏರಿದ ಬೆಲೆಯನ್ನೂ ಹೊರಬೇಕು. ಹೇರಿನ ಬಾಡಿಗೆ ಗೊತ್ತುಮಾಡುವವರು ಬೇರೆ.

ಆದುದರಿಂದ ನಮ್ಮ ಪಕ್ಷದ ಒತ್ತಾಯ ಸ್ಪಷ್ಟವಾಗಿರಬೇಕು. ಟ್ರೇಲರಿನ ಸುಧಾರಣೆಯ ಖರ್ಚು ಅದರ ತಯಾರಕ ಮತ್ತು ಒಡೆಯನ ಮೇಲಿರಲಿ. ಸರಕು ಕಳುಹಿಸುವ ದೊಡ್ಡ ಕಂಪನಿ ಅದರಲ್ಲಿ ಪಾಲು ಹೊರಲಿ. ಸಣ್ಣ ಮಾಲೀಕನಿಗೆ ಸಹಕಾರಿ ಸಂಘಗಳ ಮೂಲಕ ಕಡಿಮೆ ಬಡ್ಡಿಯ ಸಾಲ ಸಿಗಲಿ. ಹೇರಿನ ಕರಾರಿನಲ್ಲಿ ಡೀಸೆಲ್ ವೆಚ್ಚ ಯಾರದೆಂದು ಬರೆದಿರಲಿ. ಉಳಿದ ಎಣ್ಣೆಯ ಬೆಲೆಯಲ್ಲಿ ಚಾಲಕನಿಗೂ ಪಾಲಿರಲಿ. ಉಳಿತಾಯ ದೇಶಕ್ಕೆ ಬೇಕಾದದ್ದು ನಿಜವಾದರೆ, ಅದರ ಭಾರವನ್ನು ಹೊರಬಲ್ಲವರ ಹೆಗಲಿಗೇ ಹಾಕಬೇಕು. ಚಾಲಕನಿಗೆ ಉಪದೇಶ ಸಾಕು. ಇನ್ನು ಒಡೆಯರಿಗೆ ಕಾನೂನು ಬೇಕು.