ಬೆಳತನಕದ ಆಟಕ್ಕೆ ಅರ್ಧ ಗಂಟೆಯ ಚಿತ್ರವೆ?

ಬಳ್ಳಾರಿಯ ವಿದ್ಯಾವಂತರಲ್ಲಿ ಒಂದು ಮಾತು ಬೇರೂರಿ ಕುಳಿತಿದೆ. ದೊಡ್ಡಾಟವೆಂದರೆ ಹಳ್ಳಿಯವರ ಗದ್ದಲ. ಅದನ್ನು ಉಳಿಸಬೇಕಾದರೆ ಉತ್ಸವದ ವೇದಿಕೆಯ ಮೇಲೆ ಅರ್ಧ ಗಂಟೆ ಕುಣಿಸಿ, ಚಿತ್ರ ತೆಗೆದು ಬೀರುವಿನಲ್ಲಿಟ್ಟರೆ ಸಾಕು, ಎಂಬುದು ಆ ಮಾತು. ಇದು ಉಳಿಸುವ ದಾರಿಯಲ್ಲ, ಕೈತೊಳೆದುಕೊಳ್ಳುವ ದಾರಿ ಎಂದು ನಾನು ಹೇಳುತ್ತೇನೆ.

ನಮ್ಮ ಮಹನೀಯರು ಯುರೋಪಿನ ಆಪೆರಾ ಎಂದೊಡನೆ ಎದ್ದು ಕೂಡುತ್ತಾರೆ. ಒಳ್ಳೆಯದು; ಅಲ್ಲಿನವರು ಏನು ಮಾಡಿದರೆಂಬುದನ್ನೂ ನೋಡೋಣ. 1954ರಲ್ಲಿ ಸಾಲ್ಜ್‌ಬರ್ಗಿನಲ್ಲಿ ಫುರ್ಟ್‌ವೆಂಗ್ಲರ್ ಅವರ ನಿರ್ದೇಶನದಲ್ಲಿ ನಡೆಯುತ್ತಿದ್ದ ಮೋಜಾರ್ಟನ ‘ಡಾನ್ ಜೊವಾನಿ’ಯನ್ನು ಪಾಲ್ ಸಿನ್ನರ್ ಎಂಬವರು ಬಣ್ಣದ ಚಿತ್ರವಾಗಿ ಹಿಡಿದರು. ಅದೇ ವರ್ಷ ನವೆಂಬರಿನಲ್ಲಿ ಫುರ್ಟ್‌ವೆಂಗ್ಲರ್ ತೀರಿಕೊಂಡರು. ಅವರು ಸತ್ತಮೇಲೆ ಹುಟ್ಟಿದವನೂ ಇಂದು ಅವರ ಕೈಯ ಸನ್ನೆಯನ್ನು ಕಾಣಬಲ್ಲ. ಅವರು ಆಪೆರಾವನ್ನು ಸಿನಿಮಾ ಮಾಡಲಿಲ್ಲ, ಆಪೆರಾದ ಮುಂದೆ ಕ್ಯಾಮರಾ ಇಟ್ಟರು. ಈ ಎರಡಕ್ಕೂ ಅಜಗಜಾಂತರ.

ಅದೇ 1954ರಲ್ಲಿ ನಮ್ಮಲ್ಲಿ ‘ಬೇಡರ ಕಣ್ಣಪ್ಪ’ ತೆರೆಗೆ ಬಂತು. ಗುಬ್ಬಿ ಕಂಪೆನಿಯ ರಂಗದಿಂದ ಬಂದ ಕಥೆ, ರಂಗದಿಂದಲೇ ಬಂದ ನಟ ರಾಜಕುಮಾರ್. ಒಳ್ಳೆಯ ಚಿತ್ರ. ಆದರೆ ಅದು ಚಿತ್ರವೇ ಹೊರತು ನಾಟಕವಲ್ಲ. ಕಂಪೆನಿಯ ಪರದೆ, ಹಾರ್ಮೋನಿಯಂ, ‘ಒನ್ಸ್ ಮೋರ್’ ಎಂದು ಕೂಗುವ ಪ್ರೇಕ್ಷಕ, ಇವಾವುವೂ ಅದರಲ್ಲಿ ಇಲ್ಲ. ನಮ್ಮೂರಿನ ಮಾತನ್ನೇ ತೆಗೆದುಕೊಳ್ಳಿ. ವಕೀಲಿ ಮಾಡುತ್ತ ರಂಗವನ್ನಾಳಿದ ಬಳ್ಳಾರಿ ರಾಘವರು 1946ರಲ್ಲಿ ತೀರಿಕೊಂಡರು. 1939ರ ತೆಲುಗು ಚಿತ್ರ ‘ರೈತುಬಿಡ್ಡ’ದಲ್ಲಿ ಅವರು ನಟಿಸಿದ್ದುಂಟು. ಅದರಲ್ಲಿರುವವರು ಸಿನಿಮಾದ ರಾಘವರು. ನಮ್ಮ ಹಿರಿಯರನ್ನು ಬೆರಗುಗೊಳಿಸಿದ ರಂಗದ ರಾಘವರಲ್ಲ. ಅವರ ಹೆಸರಿನಲ್ಲಿ ರಂಗಮಂದಿರ ಕಟ್ಟಿಕೊಂಡೆವು, ಸಂತೋಷ. ಕಟ್ಟಡ ನಟಿಸಲಾರದು.

ಈಗ ಸಿರುಗುಪ್ಪ, ಕುರುಗೋಡು ಸೀಮೆಯ ಹಳ್ಳಿಗಳಿಗೆ ಬನ್ನಿ. ಅಲ್ಲಿ ದೊಡ್ಡಾಟ ಆಡುವವರು ಒಕ್ಕಲಿನವರು, ಕೂಲಿಯವರು. ಕೈಯಿಂದ ಪಟ್ಟಿ ಹಾಕಿಕೊಂಡು, ಮಾಸ್ತರನನ್ನು ಕರೆಸಿಕೊಂಡು, ದಿನದ ದುಡಿಮೆ ಮುಗಿದ ಮೇಲೆ ತಿಂಗಳುಗಟ್ಟಲೆ ತಾಲೀಮು ನಡೆಸುತ್ತಾರೆ. ಆಟದ ರಾತ್ರಿ ಸ್ತುತಿ ಮುಗಿದು, ಕಿರೀಟ ಭುಜಕೀರ್ತಿಗಳ ರಾಜ ಪ್ರವೇಶಿಸಿ, ತಾವಾರೆಂದು ಸಾರಥಿ ಕೇಳಿ, ಅವನು ತನ್ನ ಹೆಸರು ಹೇಳಿ ಮುಗಿಸುವುದಕ್ಕೇ ಸಾಕಷ್ಟು ಹೊತ್ತು ಹಿಡಿಯುತ್ತದೆ. ಭಾಗವತ ಪದ ಎತ್ತುತ್ತಾನೆ, ಮೇಳ ಅದನ್ನು ಹಿಡಿಯುತ್ತದೆ, ಮದ್ದಳೆಯ ಪೆಟ್ಟಿಗೆ ಹೆಜ್ಜೆ ಬೀಳುತ್ತದೆ, ಆಮೇಲೆ ಮಾತು. ಬೆಳಗಿನ ಜಾವದಲ್ಲಿ ಮಂಗಳ. ಈ ನಿಧಾನವೇ ಅದರ ಜೀವ. ಅರ್ಧ ಗಂಟೆಗೆ ಕತ್ತರಿಸಿದಾಗ ಸ್ತುತಿ ಹೋಯಿತು, ಸಾರಥಿ ಹೋದ, ಪದದ ಎರಡನೆಯ ಸಾಲು ಹೋಯಿತು. ಉಳಿದದ್ದು ಕಿರೀಟ ಹೊತ್ತವರ ಮೆರವಣಿಗೆ ಮಾತ್ರ.

‘ರಾತ್ರಿಯೆಲ್ಲ ಯಾರು ನೋಡುತ್ತಾರೆ ಸ್ವಾಮಿ?’ ಎನ್ನುವವರುಂಟು. ವಾಗ್ನರನ ‘ರಿಂಗ್’ ನಾಲ್ಕು ಸಂಜೆಗಳ ಆಟ. ಸುಮಾರು 14 ಗಂಟೆಯದು. ಬೈರಾಯ್ಟಿನವರು ಅದನ್ನು 1979–80ರಲ್ಲಿ ಇಡಿಯಾಗಿ ಚಿತ್ರೀಕರಿಸಿದರು. ಅವನದು ದೀರ್ಘವಾದರೆ ಭವ್ಯ, ನಮ್ಮದು ದೀರ್ಘವಾದರೆ ಬೇಸರವೆ?

ಇನ್ನು ಕೆಲವರ ವಾದ ಸೂಕ್ಷ್ಮವಾದದ್ದು. ರಂಗಕಲೆ ಕ್ಷಣಿಕ, ಚಿತ್ರದೊಳಗೆ ಅದು ಹೆಣವಾಗುತ್ತದೆ ಎನ್ನುತ್ತಾರೆ. ಅರ್ಧ ಸತ್ಯ. ಕಣದ ಚಳಿ, ಪಕ್ಕದವನ ನಗೆ ಚಿತ್ರಕ್ಕೆ ಬಾರವು ನಿಜ. ಆದರೆ ಮಾಸ್ತರ ಹೋದಮೇಲೆ ಅವನ ಶಿಷ್ಯ ಎಲ್ಲಿ ನೋಡಿ ಕಲಿಯಬೇಕು? 1964ರ ಫೆಬ್ರವರಿ 9ರಂದು ಲಂಡನ್ನಿನಲ್ಲಿ ಮರಿಯಾ ಕಾಲಸ್ ಹಾಡಿದ ‘ತೋಸ್ಕಾ’ದ ಎರಡನೆಯ ಅಂಕವನ್ನಷ್ಟೇ ದೂರದರ್ಶನದವರು ಹಿಡಿದರು. ಆ ಒಂದು ಅಂಕವನ್ನು ಲೋಕವೆಲ್ಲ ಕಣ್ಣಿಗೊತ್ತಿಕೊಂಡು ನೋಡುತ್ತ, ಮಿಕ್ಕೆರಡಕ್ಕಾಗಿ ಇಂದಿಗೂ ಪರಿತಪಿಸುತ್ತದೆ. ನಮ್ಮ ಸುಭದ್ರಮ್ಮ ಮನ್ಸೂರ್ 2020ರಲ್ಲಿ ಹೋದರು. ಬೆಳಗಲ್ಲು ವೀರಣ್ಣನವರು 2023ರಲ್ಲಿ. ಹೂಮಾಲೆ ಹಾಕಿದೆವು, ಭಾಷಣ ಮಾಡಿದೆವು. ನಮ್ಮ ಪರಿತಾಪ ಅಲ್ಲಿಗೆ ಮುಗಿಯಿತು.

ಹಳ್ಳಿಯ ಹುಡುಗರು ಮೊಬೈಲಿನಲ್ಲಿ ಆಟವನ್ನು ಹಿಡಿಯುತ್ತಿದ್ದಾರೆ. ನಮಗಿಲ್ಲದ ಎಚ್ಚರ ಅವರಿಗಿದೆ. ಆದರೆ ಪದ ಕೇಳಿಸದ, ಮುಖ ಕಾಣಿಸದ ತುಣುಕುಗಳಿಂದ ಮುಂದಿನವರು ಕಲಿಯಲಾರರು. ಆ ಹುಡುಗರಿಗೆ ಒಳ್ಳೆಯ ಸಲಕರಣೆ ಕೊಡುವುದು, ಬೇಕಾದ ಹಣ ಒದಗಿಸುವುದು ಅಕಾಡೆಮಿಗಳ, ವಿಶ್ವವಿದ್ಯಾಲಯಗಳ ಕೆಲಸ.

ನಾನು ಕೇಳುವುದು ಬಹಳವಲ್ಲ. ವರ್ಷಕ್ಕೆ ಎರಡೇ ಆಟ: ಸಿರುಗುಪ್ಪದ ಕಡೆಯದೊಂದು, ಕುರುಗೋಡಿನ ಕಡೆಯದೊಂದು. ಅವರ ಊರಿನಲ್ಲಿ, ಅವರ ಜನರ ಮುಂದೆ, ಸ್ತುತಿಯಿಂದ ಮಂಗಳದವರೆಗೆ. ಜೊತೆಗೆ ಆಟದ ಹಸ್ತಪ್ರತಿಯ ನಕಲು, ತಾಲೀಮಿನ ನಾಲ್ಕು ದಿನದ ಚಿತ್ರ, ಮಾಸ್ತರನ ಬಾಯಿಂದಲೇ ಮಟ್ಟುಗಳ ವಿವರಣೆ. ಆಡಿದವರ ಒಪ್ಪಿಗೆ ಪಡೆದು ಸಂಭಾವನೆ ಕೊಡಬೇಕು. ಒಂದು ಪ್ರತಿ ಆ ಊರಿನಲ್ಲಿಯೇ ಇರಬೇಕು. ಒಂದು ದಿನದ ಉತ್ಸವದ ಚಪ್ಪರ, ಶಾಲು, ಹಾರ ತುರಾಯಿಗಳ ಖರ್ಚಿನಲ್ಲಿ ಇದಕ್ಕೆ ಹಣ ಹುಟ್ಟದೆ ಇರಲಾರದು. ಹುಟ್ಟದಿರುವುದು ಮನಸ್ಸು. ಮಾಸ್ತರರು ನಮ್ಮ ಮನಸ್ಸು ಬರುವ ತನಕ ಕಾದು ಕುಳಿತಿರುವುದಿಲ್ಲ.