ಇ-ಖಾತಾ: ತಪ್ಪು ತಿದ್ದುವವರು ಯಾರು?

ಮನೆ ಮಾರಾಟಕ್ಕೆ ಮಾರುವವರು, ಕೊಳ್ಳುವವರು ಒಪ್ಪಿದರೆ ಸಾಲದು, ಕಂಪ್ಯೂಟರ್ ಕೂಡ ಒಪ್ಪಬೇಕು. 2024ರ ಅಕ್ಟೋಬರ್‌ನಲ್ಲಿ ರಾಜ್ಯದ ನಗರಗಳಲ್ಲಿ ಆಸ್ತಿ ನೋಂದಣಿಗೆ ಇ-ಖಾತಾ ಕಡ್ಡಾಯವಾಯಿತು. ಸ್ಥಳೀಯ ಸಂಸ್ಥೆಗಳ ಇ-ಆಸ್ತಿ ತಂತ್ರಾಂಶವನ್ನು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶಕ್ಕೆ ಜೋಡಿಸಲಾಯಿತು. ನಕಲಿ ಖಾತಾ ತೋರಿಸಿ ಜಾಗ ಮಾರುವವರಿಗೆ ಇದರಿಂದ ಕಡಿವಾಣ ಬೀಳುತ್ತದೆ. ಉದ್ದೇಶದ ಬಗ್ಗೆ ನಮ್ಮ ತಕರಾರಿಲ್ಲ.

ಆದರೆ ಹಳೆಯ ದಾಖಲೆಯಲ್ಲಿದ್ದ ತಪ್ಪು ಕಂಪ್ಯೂಟರಿಗೆ ಹೋದ ಮಾತ್ರಕ್ಕೆ ಸರಿಯಾಗುವುದಿಲ್ಲ. ನಮ್ಮೂರಿನ ಡಿಸೋಜ, ಪಿಂಟೊ ಹೆಸರುಗಳನ್ನೇ ನೋಡಿ. ಕ್ರಯಪತ್ರದಲ್ಲಿ ಒಂದು ಬಗೆ, ತೆರಿಗೆ ರಶೀದಿಯಲ್ಲಿ ಇನ್ನೊಂದು, ಆಧಾರ್‌ನಲ್ಲಿ ಮತ್ತೊಂದು. ಮೇಲಾಗಿ ಮೂಲಗೇಣಿ ಜಾಗಗಳಿವೆ, ಪಾಲಾಗದ ಕುಟುಂಬದ ಆಸ್ತಿಗಳಿವೆ, ಗಲ್ಫಿನಲ್ಲಿರುವ ಅಣ್ಣತಮ್ಮಂದಿರ ಜಂಟಿ ಹೆಸರುಗಳಿವೆ. ಮಗಳ ಮದುವೆಗೋ ಆಸ್ಪತ್ರೆಯ ಖರ್ಚಿಗೋ ಜಾಗ ಮಾರಲು ಹೊರಟ ಹಿರಿಯರಿಗೆ ಒಂದು ಅಕ್ಷರದ ವ್ಯತ್ಯಾಸ ತಿಂಗಳುಗಟ್ಟಲೆ ಅಲೆದಾಟವಾಗಬಹುದು.

ತಂತ್ರಾಂಶ ರೂಪಿಸುವುದು ರಾಜ್ಯದ ಕೆಲಸ. ಆದರೆ ಯಾವ ಮನೆ ಯಾರದ್ದು, ಎಲ್ಲಿ ಗಡಿ ಎಂದು ಸ್ಥಳಕ್ಕೆ ಹೋಗಿ ನೋಡಬಲ್ಲದ್ದು ಪಾಲಿಕೆ ಮಾತ್ರ. 2016ರಲ್ಲಿ ಮಂಗಳೂರು ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾಯಿತು, ನಿಯಂತ್ರಣ ಕೇಂದ್ರವೂ ಬಂತು. ಯಂತ್ರಕ್ಕೆ ಸಿಕ್ಕ ಮಹತ್ವ ಕೌಂಟರಿನಲ್ಲಿ ಕುಳಿತು ಜನರ ಮಾತು ಕೇಳುವ ಸಿಬ್ಬಂದಿಗೂ ಸಿಗಬೇಡವೇ? 2025ರ ಫೆಬ್ರವರಿಯಲ್ಲಿ ಪಾಲಿಕೆಯ ಚುನಾಯಿತ ಪರಿಷತ್ತಿನ ಅವಧಿ ಮುಗಿದು ಆಡಳಿತಾಧಿಕಾರಿಗಳ ಕೈಗೆ ಅಧಿಕಾರ ಹೋದಾಗ, ದೂರು ಹೇಳಿಕೊಳ್ಳಲು ವಾರ್ಡಿನ ಕಾರ್ಪೊರೇಟರೂ ಇಲ್ಲದಂತಾಯಿತು.

ಮಾಡಬೇಕಾದ್ದು ದೊಡ್ಡ ಕೆಲಸವೇನಲ್ಲ. 60 ವಾರ್ಡ್‌ಗಳಲ್ಲೂ ಸರದಿಯಂತೆ ಶಿಬಿರ ನಡೆಸಿ, ಕರಡು ದಾಖಲೆಯನ್ನು ಮನೆಯವರಿಗೆ ತೋರಿಸಿ ಅಲ್ಲೇ ತಿದ್ದಲಿ. ಅರ್ಜಿ ತಿರಸ್ಕರಿಸುವುದಾದರೆ ಎಲ್ಲ ಕಾರಣಗಳನ್ನೂ ಒಂದೇ ಸಲ, ಕನ್ನಡದಲ್ಲಿ ಬರೆದು ಕೊಡಲಿ. ಇಂದು ಒಂದು ಕಾಗದ, ನಾಳೆ ಇನ್ನೊಂದು ಎಂದು ಸತಾಯಿಸುವುದು ನಿಲ್ಲಲಿ. 2011ರ ಸಕಾಲ ಕಾಯ್ದೆಯಡಿ ಕಾಲಮಿತಿ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಪರಿಹಾರ ಕೇಳುವ ಹಕ್ಕು ಅರ್ಜಿದಾರರಿಗಿದೆ. ಮೊತ್ತ ಚಿಕ್ಕದು, ಆದರೆ ವಿಳಂಬಕ್ಕೆ ಉತ್ತರ ಕೊಡಬೇಕಾದವರು ಅಧಿಕಾರಿ ಎಂಬುದನ್ನು ಅದು ಸಾರುತ್ತದೆ.

ಕಚೇರಿಯ ಸಹಾಯ ಸಿಗದವರು ದಲ್ಲಾಳಿಯನ್ನು ಹುಡುಕುತ್ತಾರೆ. ದಲ್ಲಾಳಿಯನ್ನು ದೂರವಿಡಲೆಂದು ತಂದ ವ್ಯವಸ್ಥೆಯೇ ಅವನಿಗೆ ದಾರಿಯಾಗಬಾರದು. ದಾಖಲೆ ಪಾಲಿಕೆಯದ್ದು, ಅದರಲ್ಲಿನ ತಪ್ಪಿನ ಹೊಣೆಯನ್ನೂ ಪಾಲಿಕೆಯೇ ಹೊರಲಿ ಎಂಬುದು ನಮ್ಮ ಆಗ್ರಹ.