ಫೈಲ್ ಡಿಲೀಟ್ ಆಗುತ್ತಿಲ್ಲವೇ? ವೈರಸ್ಸೇ ಆಗಿರಬೇಕೆಂದಿಲ್ಲ

ಕಂಪ್ಯೂಟರಿನಲ್ಲಿ ಫೈಲ್ ಅಳಿಸಲು ಹೋದಾಗ ‘ಇದು ಬೇರೊಂದು ಪ್ರೋಗ್ರಾಂನಲ್ಲಿ ತೆರೆದಿದೆ’ ಎಂಬ ಸಂದೇಶ ಬಂದರೆ ಹಲವರು ವೈರಸ್ ಬಂತೆಂದು ಗಾಬರಿಯಾಗುತ್ತಾರೆ. ಯಾರೋ ಕಳಿಸಿದ ಲಿಂಕ್ ಒತ್ತಿ ‘ಅನ್‌ಲಾಕ್’ ಮಾಡುವ ಸಾಫ್ಟ್‌ವೇರ್ ಇಳಿಸಿಕೊಳ್ಳುತ್ತಾರೆ. ನಿಜವಾದ ವೈರಸ್ ಬರುವ ದಾರಿ ಅದು!

ಆ ಸಂದೇಶದ ಹಿಂದಿರುವುದು ಸಾಮಾನ್ಯವಾಗಿ ಒಂದು ಲಾಕ್, ಅಂದರೆ ಬೀಗ. ಒಂದು ಪ್ರೋಗ್ರಾಂ ಫೈಲನ್ನು ಬಳಸುತ್ತಿರುವಾಗ ಇನ್ನೊಂದು ಕೈಹಾಕಿ ಕೆಡಿಸದಿರಲಿ ಎಂದು ಹಾಕಿದ್ದು.

ಬೀಗ ಯಾಕೆ ಬೇಕು? ನಿಮ್ಮ ಖಾತೆಯಲ್ಲಿ 10,000 ರೂಪಾಯಿ ಇದೆ ಎನ್ನಿ. ನೀವು ಎಟಿಎಂನಲ್ಲಿ 4,000 ತೆಗೆಯುವ ಕ್ಷಣದಲ್ಲೇ ಮನೆಯವರು ಅದೇ ಖಾತೆಯಿಂದ 3,000 ಕಳಿಸುತ್ತಾರೆ. ಎರಡೂ ಕೆಲಸಗಳು ಒಟ್ಟಿಗೇ ‘10,000 ಇದೆ’ ಎಂದು ಓದಿಕೊಂಡರೆ, ಒಂದು 6,000 ಎಂದು ಬರೆಯುತ್ತದೆ, ಅದರ ಮೇಲೆ ಇನ್ನೊಂದು 7,000 ಎಂದು ಬರೆಯುತ್ತದೆ. ಉಳಿಯಬೇಕಿದ್ದದ್ದು 3,000! ಹೀಗಾಗದಂತೆ ಒಂದು ಮುಗಿಯುವವರೆಗೆ ಇನ್ನೊಂದನ್ನು ಕಾಯಿಸಲೇಬೇಕು. ಒಂದೇ ಪ್ರೋಗ್ರಾಂನೊಳಗೆ ಏಕಕಾಲಕ್ಕೆ ನಡೆಯುವ ಕೆಲಸಗಳಿಗೂ (ಇವಕ್ಕೆ ಥ್ರೆಡ್ ಎನ್ನುತ್ತಾರೆ) ಇದೇ ನಿಯಮ.

ಆದರೆ ಬೀಗ ಹಾಕಿದವರು ಬೇಗ ತೆಗೆಯದಿದ್ದರೆ? 1997ರ ಜುಲೈನಲ್ಲಿ ಮಂಗಳ ಗ್ರಹಕ್ಕೆ ಇಳಿದ ನಾಸಾದ ಪಾತ್‌ಫೈಂಡರ್ ನೌಕೆಗೆ ಆದದ್ದು ಇದೇ. ಅದರ ಕಂಪ್ಯೂಟರ್ ಮತ್ತೆಮತ್ತೆ ತಾನಾಗಿಯೇ ರೀಸ್ಟಾರ್ಟ್ ಆಗತೊಡಗಿತು. ಹವಾಮಾನ ಮಾಹಿತಿ ಸಂಗ್ರಹಿಸುವ, ಅಷ್ಟೇನೂ ತುರ್ತಲ್ಲದ ಕೆಲಸವೊಂದು ಬೀಗ ಹಿಡಿದುಕೊಂಡಿತ್ತು. ಅತಿ ತುರ್ತಿನ ಕೆಲಸ ಅದಕ್ಕಾಗಿ ಕಾಯುತ್ತಿತ್ತು. ಅಷ್ಟರಲ್ಲಿ ಮಧ್ಯಮ ದರ್ಜೆಯ ಮೂರನೆಯ ಕೆಲಸ ನುಗ್ಗಿ, ಬೀಗ ಹಿಡಿದವನಿಗೆ ಕೆಲಸ ಮುಗಿಸಲು ಸರದಿಯೇ ಸಿಗದಂತೆ ಮಾಡಿತು. ಎಂಜಿನಿಯರುಗಳು ಭೂಮಿಯಲ್ಲಿದ್ದ ನೌಕೆಯ ಪ್ರತಿರೂಪದಲ್ಲಿ ಇದನ್ನು ಪತ್ತೆಹಚ್ಚಿ, ಇಲ್ಲಿಂದಲೇ ಒಂದು ಸೆಟ್ಟಿಂಗ್ ಬದಲಿಸಿದರು: ತುರ್ತಿನವನು ಕಾಯುತ್ತಿದ್ದರೆ, ಬೀಗ ಹಿಡಿದವನಿಗೂ ಅಷ್ಟೇ ಆದ್ಯತೆ ಕೊಡಬೇಕು. ರೀಸ್ಟಾರ್ಟ್ ಕಾಟ ನಿಂತಿತು.

ಮನೆಯ ಕಂಪ್ಯೂಟರಿನಲ್ಲಿ ಇಷ್ಟು ಕಷ್ಟವಿಲ್ಲ. ಫೈಲ್ ತೆರೆದಿರುವ ಪ್ರೋಗ್ರಾಂ ಮುಚ್ಚಿ. ಆಗದಿದ್ದರೆ ರೀಸ್ಟಾರ್ಟ್ ಮಾಡಿ. ಪ್ರೋಗ್ರಾಂ ನಿಂತಾಗ ಅದು ಹಿಡಿದಿದ್ದ ಬೀಗವನ್ನು ಆಪರೇಟಿಂಗ್ ಸಿಸ್ಟಮ್ ತಾನೇ ಬಿಡಿಸುತ್ತದೆ. ಲಿಬ್ರೆ ಆಫೀಸ್‌ನಂಥವು ಮಾತ್ರ ಬೀಗದ ಗುರುತಿಗೆ ಒಂದು ಪುಟ್ಟ ಫೈಲ್ ಇಡುತ್ತವೆ. ನಡುವೆ ಕರೆಂಟ್ ಹೋದರೆ ಅದು ಹಾಗೇ ಉಳಿದು, ಮತ್ತೆ ತೆರೆಯುವಾಗ ಫೈಲ್ ಬಳಕೆಯಲ್ಲಿದೆ ಎಂದು ಹೇಳುವುದುಂಟು. ಬಳಸುತ್ತಿದ್ದವರು ನೀವೇ! ಇಷ್ಟೆಲ್ಲ ಮಾಡಿದ ಮೇಲೂ ಗೊತ್ತಿಲ್ಲದ ಪ್ರೋಗ್ರಾಂ ಒಂದು ಫೈಲನ್ನು ಬಿಡದಿದ್ದರೆ, ಕಂಪ್ಯೂಟರಿನಲ್ಲಿ ಈಗಾಗಲೇ ಇರುವ ಆಂಟಿವೈರಸ್‌ನಿಂದ ಸ್ಕ್ಯಾನ್ ಮಾಡಿ.